ಎಂಟು ಸಿಲಿಂಡರಿನ ಮೇದಪ್ಪ

ಜಾಲ್ಸೂರಿನಿಂದ ಸುಳ್ಯದವರೆಗೆ ಯಾರನ್ನು ಕೇಳಿದರೂ, ಬರೀ ಮೇದಪ್ಪ ಗೌಡ ಅಂದರೆ "ಯಾವ ಮೇದಪ್ಪ?" ಅನ್ನುತ್ತಿದ್ದರು. ಎಂಟು ಸಿಲಿಂಡರಿನ ಮೇದಪ್ಪ ಅಂದರೆ ಮಾತ್ರ ಸಣ್ಣ ಮಕ್ಕಳೂ ಮನೆ ತೋರಿಸುತ್ತಿದ್ದರು. ಆ ಹೆಸರು ಅವನಿಗೆ ಮೊದಲ ಕೆಲವು ವರ್ಷ ಹೆಮ್ಮೆಯಾಗಿತ್ತು. ಆಮೇಲೆ ಯಾರಾದರೂ ಹಾಗೆ ಕರೆದರೆ ಮುಖ ತಿರುಗಿಸುತ್ತಿದ್ದ. ಕಾರು ಹೋಯಿತು, ಹೆಸರು ಹೋಗಲಿಲ್ಲ. ಊರಿನವರ ಬಾಯಿ ಹಾಗೆಯೇ ಅಲ್ಲವೆ, ಒಮ್ಮೆ ಹಿಡಿದದ್ದನ್ನು ಬಿಡುವುದು ಅಂತ ಇಲ್ಲ.

ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು ಮೇದಪ್ಪ. ಊರಿಗೆ ಮರಳಿ ಗದ್ದೆಗೆ ಇಳಿಯುವ ಮನಸ್ಸಾಗದೆ ಒಂದು ಹಳೆಯ ಪುಟ್ಟ ಕಾರು ತೆಗೆದು ಸುಳ್ಯ ಪೇಟೆಯಲ್ಲಿ ಬಾಡಿಗೆಗೆ ನಿಲ್ಲಿಸಿದ. ಆಗ ಪುತ್ತೂರಿಗೆ ಬಸ್ಸುಗಳೇ ಬೆರಳೆಣಿಕೆ. ಕಡಬದ ಕಡೆಗಾದರೆ ದೇವರೇ ಗತಿ. ಕೋರ್ಟಿಗೆ ಹೋಗುವವರು, ಮದುವೆಯ ದಿಬ್ಬಣದವರು ಕಾರು ಕೇಳಿಕೊಂಡು ಬರುತ್ತಿದ್ದರು. ಹೆಚ್ಚಾಗಿ ಬರುತ್ತಿದ್ದದ್ದು ಕಾಯಿಲೆಯವರು. ಹಾವು ಕಚ್ಚಿದವರು, ಅಡಿಕೆ ಮರದಿಂದ ಬಿದ್ದವರು, ಹೆರಿಗೆ ಕಷ್ಟವಾದವರು. ಹೊಟ್ಟೆ ಕೊಯ್ದು ಮಗು ತೆಗೆಯಬೇಕಾದರೆ ಮಂಗಳೂರಿಗೇ ಹೋಗಬೇಕು. ಆ ದಾರಿಯಲ್ಲಿ ಎಷ್ಟು ಜನರ ನರಳಾಟ ಕೇಳಿದ್ದನೋ ಅವನಿಗೇ ಗೊತ್ತು.

ಐವತ್ತೈದರ ಸುಮಾರಿಗೆ ಅವನ ಒಬ್ಬಳೇ ತಂಗಿ ಕಮಲಾವತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾಗಿ ಒಂದು ಹಗಲು ಕಳೆದರೂ ಹೆರಿಗೆ ಆಗಲಿಲ್ಲ. ಸೂಲಗಿತ್ತಿ ಅಕ್ಕು ಕೈ ಚೆಲ್ಲಿದಳು. ಮೇದಪ್ಪ ತಂಗಿಯನ್ನು ಎತ್ತಿ ಕಾರಿನಲ್ಲಿ ಮಲಗಿಸಿ ಹೊರಟೇ ಬಿಟ್ಟ.

ಆ ಮನೆಯಲ್ಲಿ ಒಂದು ಕ್ರಮ ಇತ್ತು. ಒಳಗೆ ಕನ್ನಿಕಂಬ ಅಂತ ಒಂದು ಹಳೆಯ ಕಂಬ, ಅದರ ಬುಡದಲ್ಲಿ ತೀರಿಹೋದ ಹಿರಿಯರ ಹೆಸರಿಗೆ ದೀಪ. ಮನೆಯವರ ಜೀವಕ್ಕೆ ಕಷ್ಟ ಬಂದು ಹೊರಗೆ ಕರೆದುಕೊಂಡು ಹೋಗುವುದಾದರೆ, ಮನೆಯ ಯಜಮಾನ ಆ ದೀಪದ ಮುಂದೆ ನಿಂತು ಒಂದು ಕಾಸನ್ನು ಬಟ್ಟೆಯಲ್ಲಿ ಮುಡಿಪು ಕಟ್ಟಿ, ಹೋದವರನ್ನು ಕ್ಷೇಮವಾಗಿ ಮನೆಗೆ ಮುಟ್ಟಿಸಿ ಅಂತ ಹಿರಿಯರಲ್ಲಿ ಹೇಳಿಕೊಳ್ಳಬೇಕು. ಅಂದು ಯಜಮಾನ, ಮೇದಪ್ಪನ ಅಣ್ಣ ಬೋಜಪ್ಪ ಗೌಡ, ಮನೆಯಲ್ಲಿರಲಿಲ್ಲ. ಮುಡಿಪು ಕಟ್ಟುವವರಿಲ್ಲದೆ ಕಮಲಾವತಿ ಹೊಸ್ತಿಲು ದಾಟಿದಳು.

ಕಾವು ಅನ್ನುವ ಊರಿನ ಏರಿನಲ್ಲಿ ಕಾರು ಕುದಿಯಿತು. ಮೇದಪ್ಪ ತೋಡಿಗೆ ಇಳಿದು ಅಡಿಕೆ ಹಾಳೆಯಲ್ಲಿ ನೀರು ತಂದು ತಂದು ಹೊಯ್ದ. ಎಂಜಿನ್ ತಣಿಯುವವರೆಗೆ ರಸ್ತೆಯ ಬದಿಯಲ್ಲಿ ಕೂತು ತಂಗಿಯ ಕೈ ಹಿಡಿದುಕೊಂಡ. ಪಾಣೆಮಂಗಳೂರಿನ ಸೇತುವೆ ದಾಟುವಾಗ ಅವಳ ಮಾತು ನಿಂತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಕಣ್ಣ ರೆಪ್ಪೆ ಎತ್ತಿ ನೋಡಿ, "ಅರ್ಧ ಗಂಟೆ ಮೊದಲು ತಂದಿದ್ರೆ ಏನಾದ್ರೂ ಮಾಡ್ಬಹುದಿತ್ತು" ಅಂದರು.

ಅರ್ಧ ಗಂಟೆ! ಕಾವಿನ ಏರಿನಲ್ಲಿ ಕೂತದ್ದೇ ಅಷ್ಟು ಹೊತ್ತು. ಆ ಮಾತು ಮೇದಪ್ಪನ ಮಂಡೆಯೊಳಗೆ ಹೊಕ್ಕಿತು, ಮತ್ತೆ ಹೊರಗೆ ಬರಲಿಲ್ಲ. ಅವನ ತಾಯಿಯ ಲೆಕ್ಕ ಬೇರೆ. "ಮುಡಿಪು ಕಟ್ಟದೆ ಕರ್ಕೊಂಡು ಹೋದಿ, ಹಿರಿಯರು ಕೈಬಿಟ್ರು" ಅಂತ ಅವಳು ಹೇಳಿದ್ದು ಒಂದೇ ಸಲ. ಒಂದೇ ಸಲ ಹೇಳಿದ್ದರಿಂದ ಅದು ಇನ್ನೂ ಗಟ್ಟಿಯಾಗಿ ಕೂತಿತು. ಕಾರು ನಿಧಾನ ಅಂತ ಸತ್ತಳೋ, ಮುಡಿಪು ಇಲ್ಲ ಅಂತ ಸತ್ತಳೋ, ಎರಡರಲ್ಲಿ ಯಾವುದಾದರೂ ತಪ್ಪು ತನ್ನದೇ ಅಂತ ಅವನು ತೀರ್ಮಾನಿಸಿದ.

ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ಮರುವರ್ಷ, ಕೊಡಗಿನ ಒಬ್ಬ ಬಿಳಿ ದೊರೆ ಕಾಫಿ ತೋಟ ಮಾರಿ ತನ್ನ ಸೀಮೆಗೆ ಹೊರಟ. ಅವನ ಕಾರು ಮಡಿಕೇರಿಯಲ್ಲಿ ಮಾರಾಟಕ್ಕೆ ಉಂಟು ಅಂತ ಸುದ್ದಿ ಬಂತು. ಯುದ್ಧಕ್ಕೆ ಮೊದಲಿನ ಗಾಡಿ, ಕಡು ಹಸಿರು ಬಣ್ಣ, ಮೂತಿಯೇ ಒಂದಾಳುದ್ದ, ಒಳಗೆ ಎಂಟು ಸಿಲಿಂಡರ್. ಆ ದೊರೆ ಅದನ್ನು ಮದ್ರಾಸಿನ ಕಡೆ ಪಂದ್ಯದಲ್ಲಿ ಓಡಿಸಿದ್ದನಂತೆ. ಅದೇ ಹೊತ್ತಿಗೆ ಪುತ್ತೂರಿನ ವಕೀಲರೊಬ್ಬರ ಸಣ್ಣ ಕಾರೂ ಮಾರಾಟಕ್ಕಿತ್ತು. ನಾಲ್ಕು ಸಿಲಿಂಡರ್, ಹೆಚ್ಚು ಓಡದ ಗಾಡಿ, ಹಸಿರು ಕಾರಿನ ಅರ್ಧ ಬೆಲೆ.

ಎರಡನ್ನೂ ನೋಡಲಿಕ್ಕೆ ಪುತ್ತೂರಿನ ಮೆಕ್ಯಾನಿಕ್ ಅಲಿ ಕುಂಞಿಯನ್ನು ಕರೆದುಕೊಂಡು ಹೋದ. ಅಲಿ ಕುಂಞಿ ಹಸಿರು ಕಾರಿನ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ಕೇಳಿದ. ಆಮೇಲೆ ಮೇದಪ್ಪನನ್ನು ಕೂರಿಸಿ ಮಡಿಕೇರಿಯ ಘಾಟಿಯಲ್ಲಿ ಒಂದು ಸುತ್ತು ಹೋಗಿ ಬಂದ. ಏರು ಬಂದರೆ ಗಾಡಿಗೆ ಅದು ಏರು ಅಂತಲೇ ಗೊತ್ತಾಗುತ್ತಿರಲಿಲ್ಲ.

"ಓಡುದರಲ್ಲಿ ಇದಕ್ಕೆ ಸಮ ಇಲ್ಲ ಗೌಡ್ರೆ" ಅಂದ ಅಲಿ ಕುಂಞಿ. "ಆದ್ರೆ ನನ್ನ ಮಾತು ಕೇಳಿ. ಇದನ್ನು ತೆಗೊಂಡ್ರೆ ಆನೆ ಸಾಕಿದ ಹಾಗೆ. ಪೆಟ್ರೋಲು ಕುಡಿಯುದಲ್ಲ, ಸುರಿಯುದು. ಟೈಯರು ಬೊಂಬಾಯಿಂದ ಬರ್ಬೇಕು. ಒಂದು ಸಾಮಾನು ಹೋದ್ರೆ ನಾನು ಅರದಲ್ಲಿ ತಿಕ್ಕಿ ತಿಕ್ಕಿ ಮಾಡ್ಬೇಕಷ್ಟೆ. ಬಾಡಿಗೆಯವನಿಗೆ ವಕೀಲರ ಕಾರು ಸಾಕು ಮಾರಾಯ್ರೆ."

"ಮಂಗಳೂರಿಗೆ ಎಷ್ಟು ಬೇಗ ಹೋಗ್ಬಹುದು ಇದರಲ್ಲಿ?"

"ಅದನ್ನೇ ಕೇಳುದಾದ್ರೆ, ಬೇರೆ ಕಾರು ಪುತ್ತೂರು ದಾಟುವಾಗ ನೀವು ಮಂಗಳೂರಲ್ಲಿ ಚಾ ಕುಡಿತೀರಿ."

ಮತ್ತೆ ಮೇದಪ್ಪ ಬೇರೆ ಏನೂ ಕೇಳಲಿಲ್ಲ.

ಮನೆಯಲ್ಲಿ ಹೆಂಡತಿ ಸೇವಂತಿ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಹೆಚ್ಚು ಮಾತಿನವಳಲ್ಲ. ಆಡಿದರೆ ನೇರ ಬಂದು ತಾಗುವ ಹಾಗೆ ಆಡುವವಳು. "ಸಣ್ಣ ಕಾರು ತೆಗೊಂಡ್ರೆ ನಮ್ಮ ಗದ್ದೆ ಉಳಿತದೆ" ಅಂದಳು. "ದೊಡ್ಡದು ತೆಗೊಂಡ್ರೆ ಗದ್ದೆ ಹೋಗ್ತದೆ. ಹೋದ ಮೇಲೆ ಲೋಲಾಕ್ಷಿಗೆ ಗಂಜಿ ಎಲ್ಲಿಂದ?" ಲೋಲಾಕ್ಷಿ ಅವರ ಮಗಳು, ಆಗ ಎರಡು ವರ್ಷದ ಕೂಸು.

"ಅರ್ಧ ಗಂಟೆಗೆ ಬೆಲೆ ಕಟ್ಟುದು ಹೇಗೆ ನೀನೇ ಹೇಳು" ಅಂದ ಮೇದಪ್ಪ. "ಕಮಲು ಹೋದದ್ದು ಅರ್ಧ ಗಂಟೆಗೆ."

ಸತ್ತವಳ ಹೆಸರು ಬಂದ ಮೇಲೆ ಸೇವಂತಿ ಎದ್ದು ಪಾತ್ರೆ ತೊಳೆಯಲಿಕ್ಕೆ ಹೋದಳು. ಮನೆ ಒಂದೇ ಆದರೂ ಅಣ್ಣತಮ್ಮಂದಿರ ಗದ್ದೆ, ಒಲೆ ಬೇರೆ ಬೇರೆ. ಮೇದಪ್ಪ ತನ್ನ ಪಾಲಿನ ಗದ್ದೆಯನ್ನು ಅಣ್ಣನಿಗೇ ಬರೆದುಕೊಟ್ಟ. ಬೋಜಪ್ಪ ದುಡ್ಡು ಎಣಿಸಿ ಕೊಡುತ್ತ, "ಮನೆಯ ದುಡ್ಡು, ಹಾಗಾದ್ರೆ ಇದು ಮನೆಯ ಕಾರೇ ಆಯ್ತಲ್ಲ" ಅಂತ ನಕ್ಕ. ಮೇದಪ್ಪನೂ ನಕ್ಕ. ಮನೆಯ ಕಾರು ಅಂದರೆ ಮನೆಯ ಯಜಮಾನನಿಗಾಗಿ ಓಡಬೇಕಾದ ಕಾರು ಅಂತ ಅವನಿಗೆ ಅಂದು ಹೊಳೆಯಲಿಲ್ಲ.

ಕಾರು ಬಂತು. ಅಯ್ಯೋ, ಅದರ ಗಮ್ಮತ್ತು ಏನು ಹೇಳುವುದು! ಜಾಲ್ಸೂರಿನ ಚಾ ಅಂಗಡಿಯವರು ಕೆಲಸ ಬಿಟ್ಟು ಹೊರಗೆ ಬರುತ್ತಿದ್ದರು. ನೆಲ್ಯಾಡಿಯಲ್ಲಿ ರಬ್ಬರ್ ತೋಟಕ್ಕೆ ಕಾಡು ಕಡಿಯುವಾಗ ಹಾವು ಕಚ್ಚಿದ ಒಬ್ಬ ಮಲೆಯಾಳಿಯನ್ನು ಮೇದಪ್ಪ ಮಂಗಳೂರಿಗೆ ಮುಟ್ಟಿಸಿದ, ಅವನು ಬದುಕಿ ಮನೆಗೆ ನಡೆದು ಬಂದ. ಬಾವಿಗೆ ಬಿದ್ದ ಒಬ್ಬಳು ಹುಡುಗಿ ಉಳಿದಳು. ಅಂಥ ದಿನ ಮೇದಪ್ಪ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ. ಕಮಲಾವತಿಗೆ ಏನೋ ಒಂದು ಸಲ್ಲಿಸಿದ ಹಾಗೆ ಅವನಿಗೆ ಆಗುತ್ತಿತ್ತು.

ಆದರೆ ಮನೆ ಲಗಾಡಿ ಹೋಯಿತು. ಅಲಿ ಕುಂಞಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ. ದಿಬ್ಬಣದವರು ಬಾಡಿಗೆ ಕೇಳಿ ದೂರ ಸರಿದರು, ಕೋರ್ಟಿನವರು ಬಸ್ಸಿಗೆ ಕಾದರು. ಮಳೆಗಾಲದಲ್ಲಿ ಗೇರ್ ಪೆಟ್ಟಿಗೆ ಕೈಕೊಟ್ಟು ಕಾರು ಅಲಿ ಕುಂಞಿಯ ಶೆಡ್ಡಿನಲ್ಲಿ ಮಲಗಿದರೆ ಆಟಿ ತಿಂಗಳು ಮುಗಿಯುವವರೆಗೆ ಮನೆಯಲ್ಲಿ ಒಂದು ಹೊತ್ತಿನ ಗಂಜಿ. ಸೇವಂತಿ ತವರಿನಲ್ಲಿದ್ದ ತನ್ನ ಅಣ್ಣನ ಮನೆಯಿಂದ ಅಕ್ಕಿ ತಂದಳು, ಒಂದು ಮಾತು ಆಡಲಿಲ್ಲ. ಆಡದೆ ಇದ್ದದ್ದೇ ಮೇದಪ್ಪನಿಗೆ ಚುಚ್ಚುತ್ತಿತ್ತು.

ಇನ್ನೊಂದು ವಿಚಿತ್ರ ನಿಧಾನವಾಗಿ ಕಾಣಿಸಿಕೊಂಡಿತು. ಜನ ಮೊದಲಿಗಿಂತ ತಡವಾಗಿ ಬರತೊಡಗಿದರು. ಕಡಬದ ಹತ್ತಿರದ ಒಂದು ಮನೆಗೆ ಹೋದಾಗ, ಎದೆನೋವಿನ ಮುದುಕ ಹಿಂದಿನ ದಿನದಿಂದ ಒದ್ದಾಡುತ್ತಿದ್ದ. "ನಿನ್ನೆಯೇ ಯಾಕೆ ಹೇಳಿ ಕಳಿಸ್ಲಿಲ್ಲ?" ಅಂತ ಕೇಳಿದರೆ ಅವನ ಮಗ, "ನಿಮ್ಮ ಕಾರು ಉಂಟಲ್ಲ ಅಂತ ಒಂದು ಧೈರ್ಯ" ಅಂದ. ಮೇದಪ್ಪ ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡು ಖುಷಿಪಟ್ಟ. ಮುದುಕ ಉಪ್ಪಿನಂಗಡಿ ದಾಟುವಾಗ ತೀರಿಕೊಂಡ.

ಅರವತ್ತನೇ ಇಸವಿಯ ಕೊನೆಗೆ ಸೇವಂತಿ ಮತ್ತೆ ಬಸುರಿ. ಒಂದು ದಿನ ಅವಳು ಬಾಯಿ ಬಿಟ್ಟಳು. "ಈಗಾದ್ರೂ ಮಾರಿ. ಎರಡು ಮಕ್ಕಳನ್ನು ಸಾಕ್ಲಿಕ್ಕೆ ಆಗುದಿಲ್ಲ ಈ ಕಾರು ಇಟ್ಕೊಂಡು."

"ನಿನ್ನ ಹೆರಿಗೆ ಆಗ್ಲಿ" ಅಂದ ಮೇದಪ್ಪ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬೇಕಲ್ಲ. ಅದು ಕಳೆದ ಮೇಲೆ ಮಾರುವ." ತನ್ನ ಹೆಂಡತಿಗಾಗಿಯಾದರೂ ಕಾರು ಇರಬೇಕು ಅನ್ನುವಾಗ ಅವನ ಮನಸ್ಸಿನಲ್ಲಿ ಇನಿತೂ ಮೋಸ ಇರಲಿಲ್ಲ.

ಫೆಬ್ರವರಿಯ ಒಂದು ದಿನ ಬೆಳಗಿನ ಜಾವಕ್ಕೆ ನೋವು ಶುರುವಾಯಿತು. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಅಕ್ಕು ಕೋಣೆಯಿಂದ ಹೊರಗೆ ಬಂದಳು. "ಮಗು ಅಡ್ಡ ನಿಂತಿದೆ ಗೌಡ್ರೆ. ನನ್ನ ಕೈಯಲ್ಲಿ ಆಗುದಿಲ್ಲ. ಹೊರಡಿ, ಈಗಲೇ ಹೊರಡಿ."

ಮೇದಪ್ಪ ಕಾರನ್ನು ಮೆಟ್ಟಿಲಿಗೆ ತಾಗಿಸಿ ತಂದು ನಿಲ್ಲಿಸಿದ. ಹಿಂದಿನ ಸೀಟಿಗೆ ಹಾಸಿಗೆ ಹಾಸಿದ. ಪೆಟ್ರೋಲು ತುಂಬಿತ್ತು, ರೇಡಿಯೇಟರಿಗೆ ನೀರು ತುಂಬಿತ್ತು, ಇಷ್ಟು ವರ್ಷ ಯಾವ ದಿನಕ್ಕೆ ಆ ಕಾರನ್ನು ಸಾಕಿದ್ದನೋ ಆ ದಿನ ಬಂದಿತ್ತು. ಸೇವಂತಿಯನ್ನು ಅಕ್ಕು ಚಾವಡಿಯವರೆಗೆ ನಡೆಸಿಕೊಂಡು ಬಂದಳು. ಅಷ್ಟರಲ್ಲಿ ಮೇದಪ್ಪನ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಮುಡಿಪು?"

ಬೋಜಪ್ಪ ಹಿಂದಿನ ದಿನವೇ ಕೊಲ್ಲಮೊಗ್ರಿಗೆ ಹೋಗಿದ್ದ. ಅವನ ಹೆಂಡತಿಯ ಕಡೆಯವರ ಹುಡುಗಿಗೆ ಅಲ್ಲಿ ಮದುವೆ ನಿಶ್ಚಯದ ವೀಳ್ಯಶಾಸ್ತ್ರ.

"ಕಮಲುವನ್ನು ಕಟ್ಟದೆ ಕರ್ಕೊಂಡು ಹೋದಿ. ಇವಳನ್ನೂ ಹಾಗೆ ಕರ್ಕೊಂಡು ಹೋಗ್ತಿಯಾ ಮೇದಪ್ಪ?" ಅವ್ವನಿಗೆ ಸಿಟ್ಟಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮಗಳನ್ನು ಕಳೆದುಕೊಂಡವಳ ಹೆದರಿಕೆ ಅದು.

"ಅತ್ತೆ, ನೀವೇ ಕಟ್ಟಿ" ಅಂದಳು ಸೇವಂತಿ, ಚಾವಡಿಯ ಕಂಬ ಹಿಡಿದುಕೊಂಡು.

"ಯಜಮಾನ ಇರುವಾಗ ನಾನು ಕಟ್ಟುದು ಹೇಗೆ ಮಗಳೇ? ಅದು ನಡಿತದಾ?"

ಹಳೆಯ ಕಾರಾಗಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆ ಕಾರಿನಲ್ಲಿ ಕೊಲ್ಲಮೊಗ್ರಿಗೆ ಹೋಗಿ ಬರುವುದೆಂದರೆ ದಿನವೇ ಕಳೆಯುತ್ತಿತ್ತು. ಕಮಲಾವತಿಗಾದದ್ದನ್ನು ನೆನೆದು, ಬೇರೆ ದಾರಿ ಇಲ್ಲದೆ ಅವ್ವನೇ ಅಳುತ್ತ ಒಂದು ಕಾಸು ಕಟ್ಟುತ್ತಿದ್ದಳು, ಹಿರಿಯರೂ ಅದನ್ನು ಒಪ್ಪಿಕೊಳ್ಳುತ್ತಿದ್ದರು. ಆದರೆ ಈಗ ಅಂಗಳದಲ್ಲಿ ಎಂಟು ಸಿಲಿಂಡರ್ ನಿಂತಿತ್ತು. ಮೇದಪ್ಪನ ಮಂಡೆಯಲ್ಲಿ ಲೆಕ್ಕ ಓಡಿತು. ಕಾರೂ ತಪ್ಪಬಾರದು, ಮುಡಿಪೂ ತಪ್ಪಬಾರದು. ಕಮಲಾವತಿಗೆ ಎರಡೂ ತಪ್ಪಿತ್ತು. ಈ ಕಾರಿನಲ್ಲಾದರೆ ಎರಡನ್ನೂ ಮಾಡಬಹುದು!

"ಅಣ್ಣನನ್ನು ಕರ್ಕೊಂಡು ಬರ್ತೇನೆ. ಹೋದೆ, ಬಂದೆ" ಅಂದ.

ಸೇವಂತಿ ಅವನ ಅಂಗಿಯ ತೋಳು ಹಿಡಿದಳು. "ಬೇಡ. ಹೋಗುವ."

"ಹೆದರ್ಬೇಡ ಮಾರಾಯ್ತಿ. ಈ ಕಾರು ಮತ್ತೆ ಯಾಕೆ ಉಂಟು?"

ಮಂಗಳೂರು ಇರುವುದು ಪಡುವಣಕ್ಕೆ. ಮೇದಪ್ಪ ಕಾರು ತಿರುಗಿಸಿದ್ದು ಮೂಡಣಕ್ಕೆ.

ಅವನು ಓಡಿಸಿದ ಪರಿಯನ್ನು ಕಂಡವರು ಆಮೇಲೆ ವರ್ಷಗಟ್ಟಲೆ ಹೇಳುತ್ತಿದ್ದರು. ಸುಳ್ಯ ಪೇಟೆಯಲ್ಲಿ ಹಾರ್ನಿನಿಂದ ಕೈ ತೆಗೆಯದೆ ಹೋದ. ಗುತ್ತಿಗಾರಿನ ತಿರುವುಗಳಲ್ಲಿ ಮಣ್ಣು ಎದ್ದು ಹಿಂದೆ ಏನೂ ಕಾಣುತ್ತಿರಲಿಲ್ಲ. ನೀರು ಕಡಿಮೆಯಾದ ಹೊಳೆಯನ್ನು ಕಾರು ಒಂದೇ ಉಸಿರಿಗೆ ದಾಟಿತು. ಒಮ್ಮೆಯೂ ಕುದಿಯಲಿಲ್ಲ, ಒಮ್ಮೆಯೂ ಕೆಮ್ಮಲಿಲ್ಲ. ಅಷ್ಟು ಚೆಂದ ಆ ಕಾರು ಹಿಂದೆಂದೂ ಓಡಿರಲಿಲ್ಲ.

ಕೊಲ್ಲಮೊಗ್ರಿನ ಆ ಮನೆಯ ಚಪ್ಪರದಲ್ಲಿ ಬೋಜಪ್ಪ ಗೌಡ ಹಿರಿಯರ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದ. ಮೇದಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ. ಬೋಜಪ್ಪನ ಮುಖ ಸಪ್ಪಗಾಯಿತು. ಕೆಟ್ಟವನಲ್ಲ ಅವನು. ಆದರೆ ತಟ್ಟೆಯಲ್ಲಿ ವೀಳ್ಯ ಇಟ್ಟಾಗಿತ್ತು, ಎರಡೂ ಕಡೆಯವರು ಕೂತಾಗಿತ್ತು.

"ವೀಳ್ಯ ಕೈ ಬದಲಾಗದೆ ಏಳುದು ಹೇಗೆ? ಇವ್ರು ಎಂತ ಹೇಳಿಯಾರು?" ಅಂದ. "ಒಂದು ಗಳಿಗೆ ಕೂತ್ಕೊ. ನಿನ್ನ ಕಾರು ಉಂಟಲ್ಲ."

ವೀಳ್ಯ ಕೈ ಬದಲಾಯಿತು. ಆಮೇಲೆ ಎಲೆ ಹಾಕಿದರು. ಊಟಕ್ಕೆ ಕೂತವರನ್ನು ಎಬ್ಬಿಸಿಕೊಂಡು ಹೋದರೆ ಮದುವೆಗೇ ಅಪಶಕುನ ಅಂತ ಯಾರೋ ಹೇಳಿದರು. ಮೇದಪ್ಪ ಚಪ್ಪರದ ಹೊರಗೆ, ಕಾರಿನ ಬಾಗಿಲು ತೆರೆದು ಹಿಡಿದುಕೊಂಡು ನಿಂತ. ಒಳಗೆ ಹೋಗಿ ಅಣ್ಣನ ರಟ್ಟೆ ಹಿಡಿದು ಎಳೆಯಬೇಕು ಅಂತ ಅನಿಸಿತು. ಹುಟ್ಟಿದಂದಿನಿಂದ ಅಣ್ಣನ ಮುಂದೆ ಕೂತವನಲ್ಲ, ದನಿ ಎತ್ತಿದವನಲ್ಲ. ಎಳೆಯಲಾಗದ್ದಕ್ಕೆ ಕಾರಿನ ಬಾಗಿಲನ್ನೇ ಮುಚ್ಚಿ ತೆರೆದು, ಮುಚ್ಚಿ ತೆರೆದು ಮಾಡಿದ. ಪಾಯಸ ಎರಡನೇ ಸಲ ಬಡಿಸುವುದು ಅಲ್ಲಿಂದಲೇ ಕಾಣುತ್ತಿತ್ತು.

ಮನೆಗೆ ಮುಟ್ಟುವಾಗ ಹೊತ್ತು ನೆತ್ತಿ ದಾಟಿತ್ತು. ಬೋಜಪ್ಪ ಬಾವಿಯಲ್ಲಿ ಎರಡು ಕೊಡ ನೀರು ಹೊಯ್ದುಕೊಂಡು, ಒದ್ದೆ ಬಟ್ಟೆಯಲ್ಲಿ ಕನ್ನಿಕಂಬದ ಮುಂದೆ ನಿಂತು, ಮುಡಿಪು ಕಟ್ಟಿದ. ಒಂದೂ ತಪ್ಪಿಲ್ಲದ ಹಾಗೆ, ಎಲ್ಲ ಹಿರಿಯರ ಹೆಸರು ಹೇಳಿ ಕಟ್ಟಿದ. ಸೇವಂತಿ ಚಾವಡಿಯಲ್ಲೇ ಮಲಗಿದ್ದಳು. ಈಗ ಅವಳು ನರಳುತ್ತಿರಲಿಲ್ಲ. ಹಾಸಿಗೆ ನೆನೆದಿತ್ತು. ಅಕ್ಕು ಮೇದಪ್ಪನ ಮುಖವನ್ನು ನೋಡಲೇ ಇಲ್ಲ.

ಹೊರಟರು. ಹಿಂದೆ ಸೇವಂತಿ ಮತ್ತು ಅಕ್ಕು, ಮುಂದೆ ಬೋಜಪ್ಪ. ಕಾವಿನ ಏರನ್ನು ಕಾರು ಹಾರಿಕೊಂಡು ಹತ್ತಿತು. ಕುಂಬ್ರ ದಾಟುವಾಗ ಬೋಜಪ್ಪನ ಹೊಟ್ಟೆ ತೊಳಸಿತು. ಹೊಟ್ಟೆ ತುಂಬ ಪಾಯಸ, ಮೇಲಿಂದ ಆ ತಿರುವುಗಳು. "ಮೇದಪ್ಪ, ನಿಲ್ಸು, ನಿಲ್ಸು ಮಾರಾಯ" ಅಂತ ಬೊಬ್ಬೆ ಹೊಡೆದ. ಮೇದಪ್ಪ ನಿಲ್ಲಿಸಿದ. ನಗು ಬರುವ ಸಂಗತಿ, ಬೇರೆ ದಿನವಾಗಿದ್ದರೆ. ರಸ್ತೆಯ ಬದಿಯಲ್ಲಿ ಯಜಮಾನ ಬಗ್ಗಿ ವಾಂತಿ ಮಾಡುವಾಗ, ತಮ್ಮ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕಾದ. ಪುತ್ತೂರಿನಲ್ಲಿ ಇನ್ನೊಮ್ಮೆ ನಿಲ್ಲಿಸಬೇಕಾಯಿತು.

ಹಾಗಿದ್ದೂ ಆ ದಾರಿಯನ್ನು ಅಷ್ಟು ಬೇಗ ಕ್ರಮಿಸಿದ ಇನ್ನೊಬ್ಬ ಆ ಕಾಲದಲ್ಲಿ ಇರಲಿಲ್ಲ.

ಸಂಜೆ ಡಾಕ್ಟರಮ್ಮ ಕೈ ಒರೆಸುತ್ತ ಹೊರಗೆ ಬಂದರು. ತಾಯಿ ಉಳಿಯುತ್ತಾಳೆ, ಮಗು ಹೋಗಿ ತುಂಬ ಹೊತ್ತಾಗಿದೆ, ಇನ್ನು ಮಕ್ಕಳಾಗುವುದಿಲ್ಲ ಅಂದರು. ಆಮೇಲೆ ಕೇಳಿದರು, "ಜಾಲ್ಸೂರಿನಿಂದ ಹೊರಟದ್ದು ಯಾವಾಗ?"

ಮೇದಪ್ಪ ಹೇಳಿದ.

"ಅಷ್ಟು ಬೇಗ ಬಂದ್ರಾ?" ಅವರು ನಂಬದೆ ಇನ್ನೊಮ್ಮೆ ಕೇಳಿದರು. "ಹಾಗಾದ್ರೆ ನೋವು ಶುರುವಾದದ್ದು?"

"ಬೆಳಿಗ್ಗೆ. ಬೆಳಕು ಹರಿಯುವ ಮೊದಲು."

"ಮತ್ತೆ ಇಷ್ಟು ಹೊತ್ತು ಎಲ್ಲಿದ್ರಿ ಮಾರಾಯ್ರೆ?"

ಕೊಲ್ಲಮೊಗ್ರಿನಲ್ಲಿದ್ದೆ ಅಂತ ಮೇದಪ್ಪ ಯಾವ ಬಾಯಿಯಿಂದ ಹೇಳುವುದು?

ಮರುದಿನ ಸೇವಂತಿಯ ಮಂಚದ ಹತ್ತಿರ ಬೋಜಪ್ಪ ಕುರ್ಚಿಯಲ್ಲಿ ಕೂತಿದ್ದ. ಅವನಿಗೂ ದುಃಖವಾಗಿತ್ತು, ಕಣ್ಣು ಕೆಂಪಾಗಿತ್ತು. "ಮುಡಿಪು ಕಟ್ಟಿಯೇ ಬಂದದ್ದು" ಅಂದ, ಯಾರಿಗೆ ಅಂತ ಇಲ್ಲದೆ. "ಕ್ರಮದಲ್ಲಿ ಒಂದು ಕೊರತೆ ಮಾಡ್ಲಿಲ್ಲ. ಹೀಗಾಗ್ಬೇಕಾದ್ರೆ ಆ ಕಾರಿಗೇ ಎಂತದೋ ದೋಷ ಉಂಟು. ಪರದೇಶದವನ ಕಾರು. ಅದನ್ನು ಮನೆಗೆ ತಂದದ್ದೇ ತಪ್ಪು."

ಸೇವಂತಿ ಗಂಡನ ಅಣ್ಣನ ಎದುರು ಅಷ್ಟು ವರ್ಷ ತಲೆ ಎತ್ತಿ ಮಾತಾಡಿದವಳಲ್ಲ. ಅಂದು ತಲೆದಿಂಬಿನಿಂದಲೇ ಅವನ ಮುಖ ನೋಡಿದಳು.

"ಕಾರಿಗೆ ಹೇಳ್ಬೇಡಿ ಭಾವ. ಕಾರು ಸರಿಯಾಗಿಯೇ ಓಡಿತು. ಎಲ್ಲಿಗೆ ಹೋಗು ಅಂದ್ರೋ ಅಲ್ಲಿಗೆ ಹೋಯ್ತು."

ಬೋಜಪ್ಪ ಎದ್ದು ಹೊರಗೆ ಹೋದ. ಮೇದಪ್ಪ ಗೋಡೆಗೆ ಒರಗಿ ನಿಂತಿದ್ದ. ಅವಳು ಅವನ ಕಡೆಗೆ ತಿರುಗಲಿಲ್ಲ, ಬೈಯಲಿಲ್ಲ, ಅಳಲೂ ಇಲ್ಲ. ಒಂದು ಸಲ ಅತ್ತಿದ್ದರೆ ಅವನು ಅವಳ ಕಾಲ ಬುಡದಲ್ಲಿ ಬೀಳುತ್ತಿದ್ದ. ಅದಕ್ಕೂ ಅವಕಾಶ ಸಿಗಲಿಲ್ಲ.

ಕಾರನ್ನು ಪುತ್ತೂರಿನ ಒಬ್ಬ ಮರದ ವ್ಯಾಪಾರಿಗೆ ಮಾರಿದ. "ಎಂತ ಆಯ್ತು ಗೌಡ್ರೆ ಕಾರಿಗೆ?" ಅಂತ ಅಲಿ ಕುಂಞಿ ಕೇಳಿದ.

"ಎಂತ ಆಗ್ಲಿಲ್ಲ. ಚೆಂದ ಓಡ್ತದೆ."

"ಮತ್ತೆ ಕೊಡುದು ಯಾಕೆ? ಈಗ ಗೇರ್ ಪೆಟ್ಟಿಗೆಯೂ ಸಮ ಆಗಿದೆ."

ಮೇದಪ್ಪ ವ್ಯಾಪಾರಿಗೆ ಕೊಡು ಅಂತ ಬೀಗದ ಕೈಯನ್ನು ಅವನ ಕೈಗೆ ಹಾಕಿ, ಬಸ್ಸಿನಲ್ಲಿ ಮನೆಗೆ ಬಂದ. ಸಿಕ್ಕಿದ ದುಡ್ಡಿನಲ್ಲಿ ಒಂದು ಸಣ್ಣ ಕಾರು ತೆಗೆದುಕೊಂಡ, ನಾಲ್ಕು ಕೈ ದಾಟಿ ಬಂದದ್ದು, ಏರಿನಲ್ಲಿ ಮುಲುಗುವಂಥದ್ದು. ಗದ್ದೆ ಅಣ್ಣನ ಹತ್ತಿರವೇ ಉಳಿಯಿತು.

ಆಮೇಲೆ ಅವನ ಸ್ವಭಾವವೇ ಬೇರೆಯಾಯಿತು. ಮೆದು ಮಾತಿನ ಮನುಷ್ಯ ಸಿಡುಕನಾದ. ಕಾಯಿಲೆಯವರ ಮನೆಯ ಅಂಗಳಕ್ಕೆ ಹೋದರೆ ಹಾರ್ನ್ ಹೊಡೆಯುತ್ತಲೇ ಇರುತ್ತಿದ್ದ. ಚಾ ಕೊಟ್ಟರೆ ಚೆಲ್ಲುತ್ತಿದ್ದ. ಅವರ ಮನೆಯ ಯಜಮಾನರಿಗೆ ಹೀಗೆ ಹಾಗೆ ಅಂತ ಬೈಯುತ್ತಿದ್ದ. ಎಂಟು ಸಿಲಿಂಡರ್ ಹೋಗಿ ಎಂಟು ಬಾಯಿ ಬಂತು ಅಂತ ಸುಳ್ಯದ ಡ್ರೈವರುಗಳು ತಮಾಷೆ ಮಾಡಿದರು. ಕೆಲವರು ಅವನನ್ನು ಕರೆಯುವುದನ್ನೇ ಬಿಟ್ಟರು. ಬೇರೆಯವರ ಹಿರಿಯರಿಗೆಲ್ಲ ಅಷ್ಟು ಬೈದವನು ತನ್ನ ಅಣ್ಣನ ಎದುರು ಮಾತ್ರ ಮೊದಲಿನ ಹಾಗೆಯೇ ನಿಂತುಕೊಂಡು, ಕೇಳಿದ್ದಕ್ಕೆ ಹೌದು ಅಂತ ಹೇಳಿ ಬರುತ್ತಿದ್ದ. ಆ ಒಂದನ್ನು ನೆನೆದರೆ ಈಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ನಾಲ್ಕೈದು ವರ್ಷ ಕಳೆದು, ಸುಳ್ಯವೇ ಬೇರೆ ತಾಲೂಕು ಆದ ಸಮಯ. ಮಂಡೆಕೋಲಿನಿಂದ ಕುಶಾಲಪ್ಪ ಅನ್ನುವ ಯುವಕ ಓಡಿಕೊಂಡು ಬಂದ. ಹೆಂಡತಿಗೆ ನೋವು ಬಂದು ಹೆರಿಗೆ ಆಗುತ್ತಿಲ್ಲ. ಮೇದಪ್ಪ ಹೋಗಿ ಅಂಗಳದಲ್ಲಿ ಕಾರು ನಿಲ್ಲಿಸಿದರೆ, ಆ ಮನೆಯಲ್ಲೂ ಅಂಥದೇ ಕ್ರಮ. ಕುಶಾಲಪ್ಪನ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಯಜಮಾನರು ಡೊಂಬಯ್ಯ ಗೌಡರು ಪಂಜಕ್ಕೆ ಹೋಗಿದ್ದಾರಂತೆ.

"ನಿಮ್ಮ ಕಾರಲ್ಲಿ ಹೋಗಿ ಅವ್ರನ್ನು ಕರ್ಕೊಂಡು ಬನ್ನಿ. ಒಂದು ಕಾಸು ಕಟ್ಟಿ ಹೊರಡುದು."

"ಹೋಗುದಿಲ್ಲ" ಅಂದ ಮೇದಪ್ಪ.

"ಹಿರಿಯರು ಅಂದ್ರೆ ಮರ್ಯಾದೆ ಇಲ್ವಾ ನಿಮಗೆ?"

"ಮರ್ಯಾದೆ ಕೊಟ್ಟು ಬಂದವ ನಾನು. ಕೊಟ್ಟದ್ದು ಸಾಕು ಅಜ್ಜಿ" ಅಂದು ಅವನು ಹಾರ್ನಿನ ಮೇಲೆ ಅಂಗೈ ಒತ್ತಿದ, ತೆಗೆಯಲಿಲ್ಲ. ಕೊಟ್ಟಿಗೆಯ ದನಗಳು ಹಗ್ಗ ಜಗ್ಗಿದವು. ಕುಶಾಲಪ್ಪ ಅಜ್ಜಿಯ ಮುಖ ಒಮ್ಮೆ, ಕಾರನ್ನು ಒಮ್ಮೆ ನೋಡುತ್ತ ನಿಂತ. ಆಗ ಒಳಗಿಂದ ಆ ಹೆಂಗಸೇ ಎದ್ದು ಬಂದಳು. ಗೋಡೆ ಹಿಡಿದುಕೊಂಡು, ಬಾಗಿಲ ದಾರಂದ ಹಿಡಿದುಕೊಂಡು, ಅಜ್ಜಿಯ ಪಕ್ಕದಿಂದಲೇ ದಾಟಿ ಮೆಟ್ಟಿಲು ಇಳಿದಳು. ಮೇದಪ್ಪ ಹಿಂದಿನ ಬಾಗಿಲು ತೆರೆದ.

ದಾರಿಯಲ್ಲಿ ಅವಳು ಎರಡು ಸಲ ಕೇಳಿದಳು, "ಇನ್ನೂ ಬೇಗ ಹೋಗ್ಲಿಕ್ಕೆ ಆಗುದಿಲ್ವಾ ಅಣ್ಣ?"

"ಇಲ್ಲ ತಂಗಿ. ಇದು ಇಷ್ಟೇ ಓಡುದು."

ಕಾವಿನ ಏರಿನಲ್ಲಿ ಕಾರು ಕುದಿಯಿತು. ಮೇದಪ್ಪ ನೀರು ಹೊಯ್ದ. ಮಾಣಿಯಲ್ಲಿ ಒಂದು ಟೈಯರು ಹೋಯಿತು, ಬದಲಾಯಿಸಿದ. ಅಂತೂ ಮುಟ್ಟಿದರು.

ಕತ್ತಲಾದ ಮೇಲೆ ಮನೆಗೆ ಬಂದಾಗ ಸೇವಂತಿ ಅಡುಗೆಮನೆಯಲ್ಲಿ ಗಂಜಿ ಬಡಿಸುತ್ತಿದ್ದಳು. ಅವರಿಬ್ಬರ ನಡುವೆ ಆ ವರ್ಷಗಳಲ್ಲಿ ಬೇಕಾದಷ್ಟೇ ಮಾತು.

"ಮಂಡೆಕೋಲಿನ ಒಬ್ಬಳನ್ನು ಮುಡಿಪಿಗೆ ಕಾಯದೆ ಕರ್ಕೊಂಡು ಹೋದೆ. ಹೊಟ್ಟೆ ಕೊಯ್ದ್ರು. ಗಂಡು ಮಗು" ಅಂದ ಮೇದಪ್ಪ. "ಇಬ್ರೂ ಸೌಖ್ಯ ಉಂಟು."

"ಎಷ್ಟು ಹೊತ್ತಾಯ್ತು ಹೋಗ್ಲಿಕ್ಕೆ?"

"ಈ ಕಾರಲ್ವಾ. ದಾರಿಯಲ್ಲಿ ಎರಡು ಕಡೆ ನಿಂತಿತು. ನಾಲ್ಕು ಗಂಟೆ ಆಯ್ತೋ ಏನೋ."

"ನಾಲ್ಕು ಗಂಟೆ" ಅಂದಳು ಸೇವಂತಿ. "ಈ ಕಾರಲ್ಲಿ."

ಸೌಟು ಅವಳ ಕೈಯಲ್ಲೇ ಇತ್ತು. ಅವಳು ನೆಲಕ್ಕೆ ಕುಸಿದು ಕೂತು, ಆಸ್ಪತ್ರೆಯಲ್ಲೂ ಅಳದವಳು, ಗಟ್ಟಿಯಾಗಿ ಅಳತೊಡಗಿದಳು. ಲೋಲಾಕ್ಷಿ ಒಳಗಿಂದ ಓಡಿ ಬಂದು ಅಮ್ಮನಿಗೆ ಎಂತಾಯ್ತು ಅಂತ ಅಪ್ಪನನ್ನು ಕೇಳಿದಳು. ಮೇದಪ್ಪ ಗಂಜಿಯ ಬಟ್ಟಲನ್ನು ಬದಿಗೆ ಸರಿಸಿ, ಹೆಂಡತಿಯ ಹತ್ತಿರ ನೆಲದ ಮೇಲೆ ಕೂತ.